ನೆಲದಕ್ಕನ ಬಲಮಂಡಿ

ನೆಲದಕ್ಕನಿಗೆ ಮನುಷ್ಯರ ಮುಖಕ್ಕಿಂತ ಅವರ ಮನೆಯ ನೆಲವೇ ಹೆಚ್ಚು ನೆನಪಿರುತ್ತಿತ್ತು. ಬೀದಿಯಲ್ಲಿ ಯಾರಾದರೂ ನಿಲ್ಲಿಸಿ, "ಗುರುತು ಸಿಗ್ಲಿಲ್ವಾ ಅಕ್ಕಾ?" ಎಂದರೆ ಆಕೆ ಎವೆಯಿಕ್ಕದೆ ನೋಡಿ, "ಬೂದು ಕಲ್ಲು. ಅಡುಗೆಮನೆ ಬಾಗಿಲ ಹತ್ರ ಒಂದು ತುಂಡು ಜೋಡಿಸಿದ್ದು. ತೊಳೆದ ನೀರು ಈಗ ಸರಿಯಾಗಿ ಹರಿದುಹೋಗುತ್ತಾ?" ಎನ್ನುವಳು. ಅವರ ಹೆಸರು ಮಾತ್ರ ಮಾತು ಮುಗಿದು ಬೀಳ್ಕೊಡುವವರೆಗೂ ನೆನಪಿಗೆ ಬರುತ್ತಿರಲಿಲ್ಲ. ಅವಳ ಹೆಸರೂ ಯಾರಿಗೂ ಬೇಕಾಗಿರಲಿಲ್ಲ. ಹೆತ್ತವರಿಟ್ಟ ಹೆಸರನ್ನು ಮುಂದೊಮ್ಮೆ ಆಸ್ಪತ್ರೆಯ ದಾದಿ ಗಟ್ಟಿಯಾಗಿ ಕೂಗಿದಾಗ ಅದು ತನ್ನದೇ ಎಂದು ಅವಳಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು.

ಕಲ್ಲು ಹಾಸುವುದು ಅಪ್ಪನಿಂದ ಬಂದ ಕಸುಬು. ಮೊದಲು ನೀರು ಹೊತ್ತಳು, ಆಮೇಲೆ ಮರಳು ಜರಡಿ ಹಿಡಿದಳು, ಅಪ್ಪನ ಕಣ್ಣು ಮಂಜಾಗತೊಡಗಿದ ಮೇಲೆ ಗಾರೆ ಹರಡುವ ಕರಣೆ ಅವಳ ಕೈಗೆ ಬಂತು. ಹಾಸಿದ ಪ್ರತಿಯೊಂದು ಕಲ್ಲನ್ನೂ ಕರಣೆಯ ಹಿಡಿಯಿಂದ ತಟ್ಟಿ ಕಿವಿಗೊಡಬೇಕೆಂದು ಅಪ್ಪ ಕಲಿಸಿದ್ದ. ಅಡಿಯಲ್ಲಿ ಗಾರೆ ತುಂಬಿ ಕುಳಿತಿದ್ದರೆ ಕಲ್ಲು ‘ಟಕ್’ ಎನ್ನುತ್ತದೆ. ಎಲ್ಲಾದರೂ ಪೊಳ್ಳು ಉಳಿದಿದ್ದರೆ ‘ಡಬ್’ ಎನ್ನುತ್ತದೆ. ಪೊಳ್ಳಿನ ಮೇಲೆ ಕೂತ ಕಲ್ಲು ಇವತ್ತು ನೋಡುವುದಕ್ಕೆ ಲಕ್ಷಣವಾಗಿಯೇ ಇರುತ್ತದೆ. ಮುಂದೊಂದು ದಿನ ಯಾರೋ ಅದರ ಮೇಲೆ ಬೀರು ಎಳೆದಾಗ ನಟ್ಟನಡುವೆ ಸೀಳುತ್ತದೆ. ಆ ‘ಡಬ್’ ಎಂಬ ಸದ್ದು ಕೇಳಿದರೆ ನೆಲದಕ್ಕ ಊಟದ ತಟ್ಟೆಯ ಮುಂದಿನಿಂದಲೂ ಎದ್ದು ಹೋಗುತ್ತಿದ್ದಳು.

ಎಡಗಾಲನ್ನು ಊರಿ, ಬಲಮಂಡಿಯನ್ನು ನೆಲಕ್ಕಿಟ್ಟು ಕೂರುವುದು ಅವಳ ಭಂಗಿ. ಬೆಳಗ್ಗೆ ಕೂತರೆ ಹೊತ್ತು ಇಳಿಯುವ ತನಕ ಆ ಮಂಡಿ ಕೋಣೆಯ ಉದ್ದಗಲವನ್ನು ತೆವಳಿ ಅಳೆಯುತ್ತಿತ್ತು. ಮೇಸ್ತ್ರಿ ಕನಿಕರಪಟ್ಟು ತಂದುಕೊಟ್ಟ ರಬ್ಬರು ಮೆತ್ತೆಗಳನ್ನು ಅವಳು ಬುತ್ತಿ ಬಿಚ್ಚುವಾಗ ಕೂರುವುದಕ್ಕೆ ಬಳಸಿದಳು. "ಮಂಡಿಗೆ ಮೆತ್ತೆ ಕಟ್ಕೊಂಡ್ರೆ ನೆಲ ಏನು ಹೇಳ್ತಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಎಂಬುದು ಅವಳ ವಾದ. ಹದವಾದ ಗಾರೆಯ ತಂಪು, ಕಲ್ಲಿನ ಅಂಚು ಕೂದಲೆಳೆಯಷ್ಟು ಎದ್ದಿರುವುದು, ಇಳಿಜಾರು ಯಾವ ಕಡೆಗೆ ವಾಲಿದೆ ಎಂಬುದು, ಎಲ್ಲವೂ ಅವಳಿಗೆ ಮಂಡಿಯಿಂದಲೇ ತಿಳಿಯುತ್ತಿತ್ತು. ರಸಮಟ್ಟ ಇಟ್ಟು ನೋಡುವುದು ಹೆಚ್ಚಾಗಿ ಮೇಸ್ತ್ರಿಯ ಸಮಾಧಾನಕ್ಕೆ.

ನೆಲ ಹಾಸಿ ಮುಗಿಸಿದ ಮೇಲೆ ಬಾಗಿಲಿಗೆ ಅಡ್ಡಲಾಗಿ ಹಲಗೆ ಇಡುತ್ತಿದ್ದಳು. ಅಪ್ಪನ ಕಾಲದ ಹಲಗೆ. ಸಿಮೆಂಟಿನ ಕಲೆಗಳು ಅಂಟಿ ಅಂಟಿ ಅದರ ಮರದ ಬಣ್ಣವೇ ಮರೆತುಹೋಗಿತ್ತು. ಹಲಗೆ ಬಿದ್ದಿತೆಂದರೆ ಆ ಕೋಣೆಗೆ ಮನೆಯ ಯಜಮಾನನೂ ಅನ್ಯನೇ. ಮೊದಲು, "ಇನ್ನು ಓಡಾಡಬಹುದು" ಎಂಬ ಮಾತು ಅವಳ ಬಾಯಿಂದ ಬರಬೇಕು. ಅದಾಗಿ ಬಹಳ ದಿನಗಳ ಮೇಲೆ, "ಇನ್ನು ಬೀರು ಇಡಬಹುದು" ಎಂಬ ಎರಡನೆಯ ಮಾತು. ಇವೆರಡರ ನಡುವೆ ಅವಸರ ಮಾಡಿದವರ ಮನೆಯ ನೆಲವನ್ನು ರಿಪೇರಿ ಮಾಡಲು ಅವಳು ಹೋದದ್ದೇ ಇಲ್ಲ.

ಗಂಡ ಅವಳಿಗೆ ಸಿಕ್ಕಿದ್ದೂ ಆ ಹಲಗೆಯ ದೆಸೆಯಿಂದಲೇ. ಅವನು ಆಗ ಮರಳಿನ ಲಾರಿಯ ಆಳು. ಮರಳು ಎಲ್ಲಿ ಸುರಿಯಲೆಂದು ಕೇಳುವುದಕ್ಕೆ ಹಲಗೆ ದಾಟಿ, ಹಸಿ ನೆಲದ ಮೇಲೆ ಹೆಜ್ಜೆ ಹಾಕಿಕೊಂಡು ಬಂದುಬಿಟ್ಟಿದ್ದ.

"ಕಣ್ಣು ಲಾರೀಲೇ ಬಿಟ್ಟು ಬಂದಿದ್ದೀಯಾ?" ಎಂದು ಅವಳು ಕೂಗಿದ ರಭಸಕ್ಕೆ ಅವನು ಒಂಟಿಕಾಲಲ್ಲಿ ಕಲ್ಲಾದ.

"ಈಗ ಮುಂದಕ್ಕೆ ಬರಲಾ, ಹಿಂದಕ್ಕೆ ಹೋಗಲಾ?"

"ಅಲ್ಲೇ ಸಾಯಿ."

ಮರುದಿನ ಅವನೇ ಬಂದು, ಸಡಿಲಗೊಂಡ ಕಲ್ಲುಗಳನ್ನು ಎತ್ತಿಕೊಟ್ಟು, ಹೊಸದಾಗಿ ಗಾರೆ ಕಲೆಸಿದ. ಕಲೆಸಿದ ಹದ ಅವಳಿಗೆ ಹಿಡಿಸಿತು. ಅಂದಿನಿಂದ ಅವಳ ಗಾರೆ ಕಲೆಸುವವನು ಅವನೇ. "ಅಲ್ಲೇ ಸಾಯಿ ಅಂದ್ಲು. ಇನ್ನೂ ಅದನ್ನೇ ಮಾಡ್ತಾ ಇದ್ದೀನಿ" ಎಂದು ಅವನು ಕೇಳಿದವರಿಗೆಲ್ಲ ಹೇಳುತ್ತಿದ್ದ.

ಊರಿನ ಹೊಸ ಗ್ರಂಥಾಲಯದ ದುಂಡು ಹಜಾರದ ಕೆಲಸ ಬಂದಾಗ ಈ ಗಂಡಹೆಂಡಿರ ಜೊತೆಗೆ ಕಲ್ಲು ಎತ್ತಿಕೊಡಲು ಗಂಡನ ತಂಗಿಯೂ ಇದ್ದಳು. ಮದುವೆ ಬೇಡವೆಂದು ಅಣ್ಣನ ಮನೆಯಲ್ಲೇ ಉಳಿದವಳು. ಕೈ ಎಷ್ಟು ಚುರುಕೋ ನಾಲಿಗೆ ಅದಕ್ಕಿಂತ ಚುರುಕು. ದುಂಡು ನೆಲವನ್ನು ನಡುವಿನಿಂದ ಹೊರಕ್ಕೆ ಹಾಸಿಕೊಂಡು ಬರುವುದು ವಾಡಿಕೆ. ಆದರೆ ಇಲ್ಲಿ ಗುಮ್ಮಟದ ಗಿಲಾವು ಮುಗಿದಿರಲಿಲ್ಲ. ಹಜಾರದ ನಡುಮಧ್ಯದಲ್ಲಿ ಗಿಲಾವಿನವರು ಹತ್ತಿ ನಿಲ್ಲುವ ಕಬ್ಬಿಣದ ಕೊಳವೆಗಳ ಸಾರುವೆ ಆಕಾಶದೆತ್ತರಕ್ಕೆ ನಿಂತಿತ್ತು. ಆದ್ದರಿಂದ ನೆಲದಕ್ಕ ಗೋಡೆಯ ಅಂಚಿನಿಂದ ಮೊದಲುಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಬರಬೇಕಾಯಿತು. ಹಾಗೆ ಬರುವುದು ಕಷ್ಟ. ಹೊರಸುತ್ತಿನಲ್ಲಿ ಕಾಣದಷ್ಟು ಸಣ್ಣ ತಪ್ಪು ಒಳಸುತ್ತಿಗೆ ಬರುವಷ್ಟರಲ್ಲಿ ಬೆರಳು ತೂರುವ ಸಂದಾಗಿರುತ್ತದೆ. ಕೊನೆಗೆ ನಡುವೆ ಉಳಿಯುವ ವೃತ್ತಕ್ಕೆ ಕೂರಿಸಬೇಕಾದ ಕಲ್ಲಿನ ಹೂವನ್ನು ಅವಳು ಮೊದಲೇ ತನ್ನ ಕೈಯಾರೆ ಕೊಯ್ದು ಉಜ್ಜಿ ಇಟ್ಟಿದ್ದಳು: ಕೆಂಪು ಕಲ್ಲಿನ ಎಸಳುಗಳು, ನಡುವೆ ಕಪ್ಪು ಕಲ್ಲಿನ ಒಂದು ದುಂಡು ಬೊಟ್ಟು. ಅವು ಮರದ ಪೆಟ್ಟಿಗೆಯೊಳಗೆ ಹೊಟ್ಟಿನ ಹಾಸಿಗೆಯ ಮೇಲೆ ಸಾರುವೆ ಬಿಚ್ಚುವ ದಿನವನ್ನು ಕಾಯುತ್ತಿದ್ದವು. ಅಷ್ಟು ದೊಡ್ಡ ನೆಲ ಅವಳ ಕೈಗೆ ಹಿಂದೆ ಬಂದಿರಲಿಲ್ಲ. ಮುಂದೆ ಬರುವ ನಂಬಿಕೆಯೂ ಇರಲಿಲ್ಲ. ಆ ಹೂವನ್ನು ತಾನೇ ಕೂರಿಸಬೇಕು ಎಂಬ ಆಸೆ ಅವಳಲ್ಲಿ ಹಸಿವಿನಂತೆ ಕೂತಿತ್ತು.

ಸಾರುವೆಯ ಬುಡ ಇನ್ನೊಂದು ಸುತ್ತಿನಷ್ಟು ದೂರವಿದೆ ಎನ್ನುವಾಗ, ಒಂದು ಮಧ್ಯಾಹ್ನ, ಅವಳಿಗೆ ಮೇಲೇಳಲಾಗಲಿಲ್ಲ. ಮಂಡಿ ನೋಯುವುದು ಹೊಸದಲ್ಲ. ಹಲವು ವರ್ಷಗಳಿಂದ ಅವಳು ಅದನ್ನು ಗದರಿಸಿಕೊಂಡೇ ಬಂದಿದ್ದಳು. ಅಂದು ಮಾತ್ರ ಒಳಗೆ ಏನೋ ಸಿಕ್ಕಿಕೊಂಡ ಹಾಗಾಗಿ ಕಾಲು ಮಡಿಚಿದಂತೆಯೇ ಉಳಿಯಿತು. ಗಂಡ ಒಂದು ಕಡೆ, ಮೇಸ್ತ್ರಿ ಒಂದು ಕಡೆ ಹಿಡಿದೆತ್ತುವಾಗ ಅವಳು ಹಲ್ಲು ಕಚ್ಚಿಕೊಂಡೇ, "ಆ ಕಲ್ಲಿಗೆ ಭಾರ ಬಿಡಬೇಡಿ, ಇನ್ನೂ ಹಸಿ ಇದೆ" ಎಂದಳು.

ಮೂಳೆ ಡಾಕ್ಟರಮ್ಮ ಮಿತಭಾಷಿ. ಬೆಳಕಿನ ಹಲಗೆಯ ಮೇಲೆ ಚಿತ್ರವಿಟ್ಟು, ತೊಡೆಮೂಳೆಯ ತುದಿಯಲ್ಲಿ ಒಂದು ಕಡೆ ಪೆನ್ನಿನ ಮೊನೆ ಇಟ್ಟಳು. ಮೂಳೆಯ ಮೇಲೆ ನುಣ್ಣಗಿನ ಮೃದ್ವಸ್ಥಿಯ ಹೊದಿಕೆ ಇರಬೇಕು. ಅಲ್ಲಿ ಅದು ಸವೆದು ಗುಳಿಯಾಗಿದೆ. ಗುಳಿ ಕೆಳಗಿನ ಮೂಳೆಗೂ ಇಳಿದಿದೆ. ಆ ಹೊದಿಕೆಗೆ ರಕ್ತನಾಳಗಳಿಲ್ಲ, ಹಾಗಾಗಿ ಅದು ತಾನಾಗಿ ಮಾಗುವುದಿಲ್ಲ. ಇಷ್ಟು ಹೇಳಿ ಅವಳು ಮೇಜಿನ ಖಾನೆಯಿಂದ ಒಂದು ಗಾಜಿನ ಶೀಶೆ ತೆಗೆದು ಮುಂದಿಟ್ಟಳು. ಒಳಗೆ ಕೋಟಿನ ಗುಂಡಿಯಷ್ಟು ಅಗಲದ ಒಂದು ಬಿಳಿಯ ಬಿರಡೆ. ಕೆಳಗಿನ ಅರ್ಧ ಸೀಮೆಸುಣ್ಣದಂತೆ ಗಡುಸು, ಮೇಲಿನ ಅರ್ಧ ಸ್ಪಂಜಿನಂತೆ ಮೆದು.

"ಇದು ಸಾರುವೆ ಇದ್ದ ಹಾಗೆ," ಎಂದಳು ಡಾಕ್ಟರಮ್ಮ. "ಮೊದಲು ನಿಮ್ಮ ಮಂಡಿಯಿಂದಲೇ ಒಂದಿಷ್ಟು ಜೀವಕೋಶ ತೆಗೆದು, ಲ್ಯಾಬಿನಲ್ಲಿ ಬೆಳೆಸ್ತೀವಿ. ಅವನ್ನ ಇದರೊಳಗೆ ತುಂಬಿ, ಗುಳಿಯಲ್ಲಿ ಕೂರಿಸ್ತೀವಿ. ಕೆಳಗಿನ ಭಾಗದಲ್ಲಿ ಮೂಳೆ ಬೆಳೆಯುತ್ತೆ, ಮೇಲೆ ಮೃದ್ವಸ್ಥಿ ಬೆಳೆಯುತ್ತೆ."

ನೆಲದಕ್ಕ ಶೀಶೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಣ್ಣು ಕಿರಿದು ಮಾಡಿ ನೋಡಿದಷ್ಟೂ ತೂತುಗಳು, ತೂತುಗಳೊಳಗೆ ತೂತುಗಳು.

"ಇದು ಪೂರಾ ಪೊಳ್ಳು ಡಾಕ್ಟ್ರೇ."

"ಪೊಳ್ಳೇ ಬೇಕು. ಜೀವಕೋಶಗಳು ಎಲ್ಲಿ ಕೂತ್ಕೋಬೇಕು ಮತ್ತೆ?"

ನೆಲದಕ್ಕ ಶೀಶೆಯನ್ನು ಕೈಯಲ್ಲೇ ತಿರುಗಿಸಿದಳು. ಜೀವಮಾನವಿಡೀ ಯಾವುದನ್ನು ನೆಲದಡಿಯಿಂದ ಹುಡುಕಿ ಹುಡುಕಿ ತೆಗೆದಳೋ ಅದನ್ನೇ ತನ್ನೊಳಗೆ ಇಡುವವರಿದ್ದರು. ಶೀಶೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಆಮೇಲೆ ಸಾರುವೆ ಬಿಚ್ಚೋಕೆ ಮತ್ತೆ ಕುಯ್ಬೇಕಾ?" ಎಂದು ಕೇಳಿದವಳು ನಾದಿನಿ.

"ಬಿಚ್ಚೋದೇನಿಲ್ಲ. ಇವರದು ಬೆಳೀತಾ ಬಂದ ಹಾಗೆ ಅದು ತಾನೇ ಕರಗಿಹೋಗುತ್ತೆ."

"ಹಾಗಾದ್ರೆ ನಮ್ಮ ಮೇಸ್ತ್ರಿಗೂ ಅಂಥದ್ದೊಂದು ಕೊಡಿಸಿ ಡಾಕ್ಟ್ರೇ. ಆ ಕಬ್ಬಿಣದ್ದು ಬಿಚ್ಚಿಸಿ ಅಂತ ಹೇಳಿ ಹೇಳಿ ನಮ್ಮ ಬಾಯಿ ಒಣಗಿದೆ."

ಡಾಕ್ಟರಮ್ಮನ ತುಟಿಯಂಚು ಒಂದಿಷ್ಟು ಸಡಿಲಿತು. ನೆಲದಕ್ಕ ಮಾತ್ರ ನಗಲಿಲ್ಲ. "ನಾನು ನಡೀಬಹುದಾ?" ಎಂದು ಕೇಳಿದಳು. ನಡೆಯಬಹುದು, ಮೆಟ್ಟಿಲೂ ಹತ್ತಬಹುದು ಎಂಬ ಉತ್ತರ ಬಂತು. ಅವಳ ಗಂಟಲಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಅದನ್ನು ಕೇಳಿದರೆ ಉತ್ತರ ಬಂದುಬಿಡುತ್ತದೆಂಬ ಭಯಕ್ಕೆ ಅವಳು ಸೆರಗನ್ನು ಸರಿಪಡಿಸಿಕೊಂಡು ಎದ್ದಳು.

ಎರಡು ಸಲದ ಶಸ್ತ್ರಚಿಕಿತ್ಸೆ ಮುಗಿದು, ಬಿರಡೆ ಮಂಡಿಯೊಳಗೆ ಕೂತು, ನೆಲದಕ್ಕ ಮನೆಗೆ ಬಂದಳು. ಬಲಗಾಲಿನ ಮೇಲೆ ಭಾರ ಬಿಡಬಾರದು. ಮಂಡಿ ಊರುವ ಯೋಚನೆಯನ್ನೂ ಮಾಡಬಾರದು. ಗಂಡ ಅವಳನ್ನು ಮಂಚದ ಮೇಲೆ ಮಲಗಿಸಿ, ಹೊರಗೆ ಹೋಗಿ, ಆ ಹಳೆಯ ಹಲಗೆಯನ್ನು ತಂದು ಕೋಣೆಯ ಬಾಗಿಲಿಗೆ ಅಡ್ಡ ಇಟ್ಟ.

"ಇದೇನ್ರೀ ಇದು?"

"ಒಳಗೆ ಗಾರೆ ಹಸಿ ಇದೆ. ದಾಟಿದ್ರೆ ನೋಡು."

"ದಾಟಿದ್ರೆ?"

"ಅಲ್ಲೇ ಸಾಯಿ." ಎಷ್ಟೋ ವರ್ಷಗಳಿಂದ ಹಿಂತಿರುಗಿಸಲು ಕಾದಿದ್ದ ಮಾತನ್ನು ಹಿಂತಿರುಗಿಸಿದ ಸಂತೋಷ ಅವನ ಮುಖದಲ್ಲಿ ಉಕ್ಕುತ್ತಿತ್ತು. ಅವಳೂ ನಕ್ಕಳು. ಅವನು ಅಡುಗೆಮನೆಗೆ ಹೋದ ಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು.

ಮಲಗಿದವರ ಲೋಕದಲ್ಲಿ ನೆಲವೆಂಬುದೇ ಇರುವುದಿಲ್ಲ. ಇರುವುದೆಲ್ಲ ಸೂರು, ಸೂರಿನ ಮೂಲೆಯ ಬಲೆ, ಕಿಟಕಿಯ ಬೆಳಕು ಗೋಡೆಯ ಮೇಲೆ ಸರಿಯುವುದು. ಇಷ್ಟು ವರ್ಷ ಬಾಳಿದ ಮನೆಗೆ ಇಂಥ ಸೂರಿದೆಯೆಂದು ಅವಳಿಗೆ ಈಗಲೇ ಗೊತ್ತಾದದ್ದು. ಕೆಲವು ಮಧ್ಯಾಹ್ನ ಅವಳು ಮಂಚದ ಅಂಚಿಗೆ ಸರಿದು, ಕೈ ಇಳಿಬಿಟ್ಟು, ಬೆರಳ ತುದಿಯನ್ನು ನೆಲಕ್ಕೆ ತಾಕಿಸುತ್ತಿದ್ದಳು. ಅದು ಬರಿಯ ಸಿಮೆಂಟು ನೆಲ. "ಊರಿಗೆಲ್ಲ ಕಲ್ಲು ಹಾಸಿದ್ರಿ, ನಮಗೆ ಮಾತ್ರ ಬೂದಿ ಬಳಿದಿದ್ದೀರಿ ಅತ್ತಿಗೆ" ಎಂದು ನಾದಿನಿ ಆಡಿಕೊಳ್ಳುತ್ತಿದ್ದ ನೆಲ. ತಾಕಿದರೆ ತಂಪು. ಆ ತಂಪು ಬೆರಳಿನಿಂದ ಮೇಲೇರಿ ಮೊಣಕೈವರೆಗೆ ಬಂದು ನಿಂತುಬಿಡುತ್ತಿತ್ತು. ಮಂಡಿಯಿಂದ ಏರುತ್ತಿದ್ದರೆ ಅದು ಎದೆಯವರೆಗೂ ಬರುತ್ತಿತ್ತು. ಕನಸಿನಲ್ಲಿ ಅವಳು ಹಜಾರದ ಹೊರಸುತ್ತಿನಿಂದ ಒಳಕ್ಕೆ ಬಲಮಂಡಿಯ ಮೇಲೆ ಜಾರಿಕೊಂಡು ಹೋಗುವಳು. ಕಲ್ಲುಗಳು ತಾವಾಗಿಯೇ ಸರಿದು ಕೂರುವವು. ನಡುವಿನ ವೃತ್ತ ಹತ್ತಿರವಾದಷ್ಟೂ ದೂರ ಹೋಗುವುದು. ಎದ್ದಾಗ ದಿಂಬಿನ ಮೇಲೆ ಕೈಬೆರಳು ಟಕ್ ಟಕ್ ಎಂದು ತಟ್ಟುತ್ತಿರುತ್ತಿತ್ತು.

ಮೇಸ್ತ್ರಿ ಒಂದು ದಿನ ನೋಡಲು ಬಂದು ಹಲಗೆಯ ಆಚೆಯೇ ನಿಂತ. ಅಷ್ಟರ ಮಟ್ಟಿಗೆ ಅವನಿಗೆ ಅಭ್ಯಾಸವಾಗಿತ್ತು.

"ಗುಮ್ಮಟಕ್ಕೆ ಬಣ್ಣ ಹಚ್ತಿದ್ದಾರೆ ಅಕ್ಕಾ. ಅದಾದ ಮೇಲೆ ಸಾರುವೆ ಬಿಚ್ತಾರೆ. ಹೂವಿಗೆ ಬೇರೆ ಕೈ ನೋಡಲಾ?"

"ಬೇರೆ ಕೈ ಯಾಕೆ? ನನ್ನ ಕೈಗೇನಾಗಿದೆ?"

"ಕೈಗಲ್ಲಕ್ಕಾ..." ಎಂದು ಅವನು ಹಲಗೆಯನ್ನು ನೋಡುತ್ತ ತಡವರಿಸಿದ.

"ಸಾರುವೆ ಬಿಚ್ಚೋವರೆಗೂ ಕಾಯಿ. ಅಷ್ಟರೊಳಗೆ ಎದ್ದು ಬರ್ತೀನಿ."

"ಬಿಚ್ಚಿದ ಮೇಲೆ ಕಾಯೋಕಾಗಲ್ಲ ಮತ್ತೆ. ಮೇಲಿನವರು ನನ್ನ ಪ್ರಾಣ ತಿಂತಾರೆ."

"ತಿನ್ನಲಿ. ಉಪ್ಪು ಖಾರ ನಾನು ಕೊಡ್ತೀನಿ."

ಅವನು ನಕ್ಕು ಹೊರಟುಹೋದ. ಆದರೆ ಅಂದಿನಿಂದ ಮನೆಯ ಹಿಂದಿನ ಷೆಡ್ಡಿನಲ್ಲಿ ನಾದಿನಿ ಕಲ್ಲು ಹಾಸುವುದನ್ನು ಕಲಿಯತೊಡಗಿದಳು. ಗಂಡನೇ ಅವಳಿಗೆ ಹೇಳಿದ್ದಿರಬೇಕು. ಅತ್ತಿಗೆಯ ಮುಂದೆ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೋಣೆಗೂ ಷೆಡ್ಡಿಗೂ ನಡುವೆ ಒಂದೇ ಗೋಡೆ. ಉಳಿದ ಹಳೆಯ ಕಲ್ಲುಗಳನ್ನು ಮರಳಿನ ಮೇಲೆ ಹಾಸುವುದು, ತಟ್ಟುವುದು, ಕೀಳುವುದು, ಮತ್ತೆ ಹಾಸುವುದು, ಎಲ್ಲವೂ ನೆಲದಕ್ಕನಿಗೆ ಕೇಳುತ್ತಿತ್ತು. ಮಲಗಿದಲ್ಲಿಂದಲೇ ಅವಳು ಪ್ರತಿ ಕಲ್ಲನ್ನೂ ಮನಸ್ಸಿನಲ್ಲಿ ಸರಿಪಡಿಸುತ್ತಿದ್ದಳು. ನಾದಿನಿಯ ಕೈ ದಿನದಿನಕ್ಕೆ ಪಳಗುತ್ತಿರುವುದೂ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಅದರಿಂದ ಆಗಬೇಕಾದ ಸಮಾಧಾನ ಅವಳಿಗೆ ಆಗಲಿಲ್ಲ.

ವಾರಗಳು ಕಳೆದು, ಊರುಗೋಲು ಹೋಗಿ, ಕೋಲೊಂದು ಬಂತು. "ಈಗ ಮನೆಯೊಳಗೆ ಓಡಾಡಬಹುದು, ಅಷ್ಟೇ" ಎಂದಳು ಡಾಕ್ಟರಮ್ಮ. ನೆಲದಕ್ಕ ತಲೆಯಾಡಿಸಿದಳು. ಇದು ಮೊದಲನೆಯ ಮಾತು. ಬೀರಿನ ಮಾತು ಇನ್ನೂ ಬಂದಿಲ್ಲ. ಅದು ಬರುವವರೆಗೆ ಕಾಯಬೇಕೆಂಬುದನ್ನು ಜಗತ್ತಿನಲ್ಲಿ ಯಾರಾದರೂ ಅವಳಿಗೆ ಹೇಳಿಕೊಡಬೇಕಿತ್ತೇ? ಗಂಡ ಮಾತ್ರ, ಇರಲಿ ಎಂದು, ತಾನು ಮನೆಯಲ್ಲಿಲ್ಲದಾಗ ಹಲಗೆಯನ್ನು ಅಡ್ಡ ಇಟ್ಟೇ ಹೋಗುತ್ತಿದ್ದ.

ಅವನು ಸಿಮೆಂಟು ತರಲು ಹೋಗಿದ್ದ ಒಂದು ಬೆಳಗ್ಗೆ, ಷೆಡ್ಡಿನಿಂದ ಆ ಸದ್ದು ಬಂತು. ಟಕ್, ಟಕ್, ಡಬ್. ಮುಂದಿನ ಕಲ್ಲು ಟಕ್. ನಾದಿನಿ ಅದನ್ನು ಗಮನಿಸದೆ ಮುಂದೆ ಸಾಗಿದ್ದಳು.

"ಏ, ಹಿಂದಿನದು ನೋಡೇ!" ಎಂದು ನೆಲದಕ್ಕ ಕೂಗಿದಳು. ಷೆಡ್ಡಿನಲ್ಲಿ ಹಾಡು ಗುನುಗುತ್ತಿದ್ದವಳಿಗೆ ಕೇಳಿಸಲಿಲ್ಲ. ಟಕ್. ಟಕ್. ಆ ಪೊಳ್ಳು ಹಿಂದೆ ಉಳಿಯುತ್ತಿತ್ತು. ಅದರ ಮೇಲೊಂದು ಲಕ್ಷಣವಾದ ಕಲ್ಲು ಸುಮ್ಮನೆ ಕೂತಿತ್ತು. ನೆಲದಕ್ಕ ಕೋಲು ಹಿಡಿದಳು. ಹಲಗೆಯ ಮುಂದೆ ಬಂದು ನಿಂತಳು. ಎಡಗಾಲನ್ನೆತ್ತಿ ಆಚೆ ಇಟ್ಟಳು. ಬಲಗಾಲು ಅದರ ಹಿಂದೆ ಹೋಯಿತು.

ಷೆಡ್ಡಿನ ಬಾಗಿಲಲ್ಲಿ ಅತ್ತಿಗೆಯನ್ನು ಕಂಡ ನಾದಿನಿ ಹೌಹಾರಿ ಎದ್ದಳು. "ಅಯ್ಯೋ ಅತ್ತಿಗೆ, ಅಣ್ಣ ನನ್ನ ಚರ್ಮ ಸುಲೀತಾನೆ. ನೀವು ಹೋಗಿ ಮೊದಲು."

"ಇದು ಡಬ್ ಅಂದದ್ದು ಕೇಳಿಸ್ಲಿಲ್ವಾ ನಿನಗೆ?"

"ಯಾವುದು?"

ಯಾವುದೆಂದು ಕೋಲಿನ ತುದಿಯಿಂದ ತೋರಿಸಬಹುದಿತ್ತು. ಕೋಲನ್ನು ಅವಳು ಯಾವಾಗ ಗೋಡೆಗೆ ಒರಗಿಸಿದಳೋ ಅವಳಿಗೇ ತಿಳಿಯದು. ಎಡಗಾಲು ಊರಿತು, ಬಲಮಂಡಿ ಇಳಿಯಿತು. ಕಲ್ಲಿನ ತಂಪು ಬಟ್ಟೆಯ ಮೂಲಕ ಏರಿ, ಎಷ್ಟೋ ತಿಂಗಳ ಮೇಲೆ, ಎದೆಯನ್ನು ಮುಟ್ಟಿತು. ಅವಳು ಕಲ್ಲನ್ನು ಮೀಟಿ ತೆಗೆದು, ಮೂಲೆಯಲ್ಲಿ ಕುಸಿದಿದ್ದ ಮರಳನ್ನು ತೋರಿಸಿ, ಹಿಡಿ ಮರಳು ಸುರಿದು, ಕಲ್ಲನ್ನು ಮತ್ತೆ ಕೂರಿಸಿ ತಟ್ಟಿದಳು. ಟಕ್. ಅಷ್ಟಕ್ಕೆ ಏಳಬೇಕಿತ್ತು. ಆದರೆ ಪಕ್ಕದ ಕಲ್ಲಿನ ಸಂದು ಒಂದಿಷ್ಟು ಓರೆ ಕಂಡಿತು. ಅದರ ಪಕ್ಕದ್ದೂ ಕಂಡಿತು. ಬಲಮಂಡಿ ತನ್ನ ಹಳೆಯ ದಾರಿ ಹಿಡಿದು ಮುಂದಕ್ಕೆ ತೆವಳಿತು. ನೋವು ಇರಲೇ ಇಲ್ಲ, ಅದೇ ಮೋಸವಾಯಿತು. ನಾದಿನಿ ಕೈಹಿಡಿದು ಎಳೆಯುವ ಹೊತ್ತಿಗೆ ಅವಳು ಒಂದು ಇಡೀ ಸಾಲನ್ನು ಮಾಡಿ ಮುಗಿಸಿದ್ದಳು; ಮುಖವೆಲ್ಲ ಬೆವರು, ಬೆವರಿನ ನಡುವೆ ನಗು.

"ನೋಡಿದ್ಯಾ? ಏನೂ ಆಗ್ಲಿಲ್ಲ" ಎಂದಳು.

ಮಂಡಿ ಊದಿಕೊಂಡದ್ದು ಸಂಜೆಗೆ.

ಡಾಕ್ಟರಮ್ಮ ಹೊಸ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಕೆಳಗಿನ ಭಾಗದಲ್ಲಿ ಮೂಳೆ ಚೆನ್ನಾಗಿ ಬೆಸೆದುಕೊಂಡಿದೆ ಎಂದಳು. ಆಮೇಲೆ ಪೆನ್ನಿನ ಮೊನೆಯನ್ನು ಮೇಲಕ್ಕೆ ಸರಿಸಿದಳು. "ಇಲ್ಲಿ, ಮೇಲಿನ ಪದರದ ಅಂಚು ಒಂದು ಕಡೆ ಎದ್ದಿದೆ."

ಅಂಚು ಏಳುವುದೆಂದರೇನೆಂದು ನೆಲದಕ್ಕನಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಹಸಿ ನೆಲದ ಮೇಲೆ ಹೆಜ್ಜೆಯಿಟ್ಟವರಿಗೆ ಅವಳು ಅದನ್ನೇ ಬೆರಳಿಟ್ಟು ತೋರಿಸುತ್ತಿದ್ದಳು.

"ಇವರು ಬಾಗಿಲಿಗೆ ಹಲಗೆ ಇಟ್ಟಿದ್ದೀನಿ ಅಂತ ಹೇಳಿದ್ರು?" ಎಂದು ಡಾಕ್ಟರಮ್ಮ ಗಂಡನ ಕಡೆ ನೋಡಿದಳು.

"ಇಟ್ಟಿದ್ರು. ನಾನೇ ದಾಟಿದೆ."

ಗಂಡ ಪಕ್ಕದ ಕುರ್ಚಿಯಲ್ಲಿ ತನ್ನ ಅಂಗೈಯ ಸಿಮೆಂಟಿನ ಬಿರುಕುಗಳನ್ನು ನೋಡುತ್ತ ಕೂತಿದ್ದ. ಒಂದೇ ಒಂದು ಬೈಗುಳವೂ ಅವನ ಬಾಯಿಂದ ಬಂದಿರಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಎದ್ದ ಅಂಚನ್ನು ಸಣ್ಣ ಉಪಕರಣದಿಂದ ಕತ್ತರಿಸಿ ಒಪ್ಪಮಾಡಬಹುದು, ನಡಿಗೆಗೆ ಹೆಚ್ಚಿನ ತೊಂದರೆಯಾಗದು ಎಂದು ಡಾಕ್ಟರಮ್ಮ ಹೇಳಿದಳು. ಆಗ ನೆಲದಕ್ಕ, ಅಷ್ಟು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಹೊರಗೆ ಹಾಕಿದಳು.

"ಮಂಡಿ ಊರಿ ಕೆಲಸ ಮಾಡಬಹುದಾ ಡಾಕ್ಟ್ರೇ?"

"ಇಲ್ಲ."

"ಅವತ್ತು ನಾನು ದಾಟದೇ ಇದ್ದಿದ್ರೆ?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. "ದಾಟದೇ ಇದ್ದಿದ್ರೆ ನಡಿಗೆ ಇನ್ನೂ ಚೆನ್ನಾಗಿರ್ತಿತ್ತು. ಮಂಡಿ ಊರೋ ಮಾತಿಗೆ ಆಗಲೂ ಇದೇ ಉತ್ತರ. ದಿನವಿಡೀ ಕಲ್ಲಿನ ಮೇಲೆ ಮಂಡಿ ಊರಿದ್ರೆ ಇದು ತಡೆಯಲ್ಲಮ್ಮ. ನೀವು ಕೇಳಿರಲಿಲ್ಲ. ನಾನಾಗಿ ಹೇಳಬೇಕಿತ್ತು."

ಬೀರಿನ ಮಾತು ಬರುವುದೇ ಇರಲಿಲ್ಲ. ಅವಳು ಕಾದಿದ್ದು ಇಲ್ಲದ ಮಾತಿಗಾಗಿ. ನೆಲದಕ್ಕ ಕೋಲಿಗಾಗಿ ಕೈ ಚಾಚಿದಳು. ಗಂಡ ಕೋಲಿನ ಬದಲು ತನ್ನ ಭುಜ ಕೊಟ್ಟ.

ಹಜಾರದ ಸಾರುವೆ ಬಿಚ್ಚಿದ ಸುದ್ದಿಯನ್ನು ಮೇಸ್ತ್ರಿ ತಾನೇ ಬಂದು ಹೇಳಿದ. "ಹೂವು..." ಎಂದು ಅವನು ಬಾಯಿ ತೆರೆಯುವ ಮೊದಲೇ ನೆಲದಕ್ಕ ನಾದಿನಿಯ ಕಡೆ ನೋಡಿದಳು. "ಇವಳು ಕೂರಿಸ್ತಾಳೆ."

"ನಾನಾ? ನನ್ನ ಕೈ ನಡುಗುತ್ತೆ ಅತ್ತಿಗೆ."

"ನಡುಗಲಿ. ನಾಲಿಗೆ ನಡುಗದಿದ್ರೆ ಸಾಕು. ಅದಂತೂ ನಿನಗೆ ಹುಟ್ಟಿದಾಗಿನಿಂದ ನಡುಗಿಲ್ಲ."

ಕಬ್ಬಿಣ ಹೋದ ಹಜಾರ ಅವಳು ನೆನೆದದ್ದಕ್ಕಿಂತ ದೊಡ್ಡದಾಗಿತ್ತು. ಗುಮ್ಮಟದ ನೆತ್ತಿಯ ಗಾಜಿನಿಂದ ಇಳಿದ ಬೆಳಕು ನಡುವಿನ ಬರಿಯ ವೃತ್ತದ ಮೇಲೆ ಬಿದ್ದಿತ್ತು. ಉಳಿದಿದ್ದ ಒಳಸುತ್ತನ್ನು ಅಣ್ಣತಂಗಿಯರು ಹಿಂದಿನ ದಿನಗಳಲ್ಲಿ ಮುಗಿಸಿದ್ದರು. ನೆಲದಕ್ಕ ಸ್ಟೂಲಿನ ಮೇಲೆ ಕೂತು ದಿನವಿಡೀ ಗದರಿಸಿದಳು. ಗಾರೆ ನೀರಾಯಿತೆಂದು ಗಂಡನನ್ನು ಬೈದಳು. ಎಸಳು ತಿರುಗಿತೆಂದು ನಾದಿನಿಯನ್ನು ಬೈದಳು. ಉಸಿರು ಬಿಡುತ್ತಾನೆಂದು ಮೇಸ್ತ್ರಿಯನ್ನು ಬೈದಳು. ಎಸಳುಗಳು ಒಂದೊಂದಾಗಿ ಕೂತವು. ಸಂದುಗಳು ಕೂದಲೆಳೆಯಂತೆ ಬಂದವು. ಹೊರಸುತ್ತಿನಿಂದ ಅವಳು ಹಿಡಿದು ತಂದ ಲೆಕ್ಕ ನಡುವಿಗೆ ಬಂದು ಚಾಚೂ ತಪ್ಪದೆ ಕೂಡಿತ್ತು. ಕೊನೆಗೆ ಕಪ್ಪು ಬೊಟ್ಟು ಮಾತ್ರ ಉಳಿದಾಗ ನಾದಿನಿ ಅದನ್ನು ಒರೆಸಿ ತಂದು ಅತ್ತಿಗೆಯ ಮಡಿಲಲ್ಲಿಟ್ಟಳು.

"ಇದು ನಿಮ್ಮದು."

"ಹೇಗೇ? ಎಸೀಲಾ ಇಲ್ಲಿಂದ?"

"ಎಸೀರಿ. ಹಿಡ್ಕೋತೀನಿ."

ಆದರೆ ಗಂಡ ಆಗಲೇ ಹಲಗೆಯನ್ನು ಎತ್ತಿಕೊಂಡು ಬಂದಿದ್ದ. ಹಸಿ ಎಸಳುಗಳ ಮೇಲೆ ಭಾರ ಬೀಳದಂತೆ ಎರಡು ಕಡೆ ಇಟ್ಟಿಗೆಗಳನ್ನಿಟ್ಟು, ಅದನ್ನು ಬೊಟ್ಟಿನ ಕುಳಿಯ ಪಕ್ಕದಲ್ಲಿ ಸೇತುವೆಯಂತೆ ಹಾಸಿದ. "ಮಂಡಿ ಊರಬಾರದು ಅಂದ್ರಲ್ಲ ಡಾಕ್ಟ್ರು. ಹೊಟ್ಟೆ ಊರಬಾರದು ಅಂತೇನೂ ಹೇಳಿಲ್ಲ" ಎಂದ.

ಯಾರ ಮುಂದೆಯೂ ಬಾಗದ ಹೆಂಗಸು, ಬಣ್ಣದವರೂ ಮೇಸ್ತ್ರಿಯೂ ನೋಡುತ್ತಿರುವಂತೆ, ಆ ಹಲಗೆಯ ಮೇಲೆ ಬೋರಲು ಮಲಗಿದಳು. ಗಂಡ ಕಾಲುಗಳನ್ನು ಹಿಡಿದುಕೊಂಡ. "ಬಿಟ್ರೆ ನೋಡಿ" ಎಂದಳು. "ಬಿಟ್ಟಿದ್ದು ಯಾವಾಗ?" ಎಂದ. ಅವಳು ಕುಳಿಯಲ್ಲಿ ಗಾರೆಯನ್ನು ಹರಡಿ, ಬೊಟ್ಟನ್ನು ಇಳಿಸಿ, ಅಂಗೈಯಿಂದ ಒತ್ತಿ, ಕೆನ್ನೆಯನ್ನು ನೆಲದ ಮಟ್ಟಕ್ಕೆ ತಂದು ಒಂದೇ ಕಣ್ಣಿನಲ್ಲಿ ನೋಡಿದಳು. ಸುತ್ತು ಸುತ್ತಾಗಿ ಹರಡಿದ್ದ ಇಡೀ ನೆಲ ಆ ಎತ್ತರದಿಂದ ಕದಲದ ಕೆರೆಯ ಹಾಗೆ ಕಂಡಿತು. ಕರಣೆಯ ಹಿಡಿಯಿಂದ ತಟ್ಟಿದಳು.

ಟಕ್.

ಸದ್ದು ಗುಮ್ಮಟಕ್ಕೆ ಹೋಗಿ ಹಿಂದಿರುಗಿತು. ಇನ್ನೊಮ್ಮೆ ತಟ್ಟುವ ಅಗತ್ಯವಿರಲಿಲ್ಲ. ಆದರೂ ಅವಳು ತಟ್ಟಿದಳು, ಮತ್ತೊಮ್ಮೆಯೂ ತಟ್ಟಿದಳು. "ಸಾಕು ಏಳಿ ಅತ್ತಿಗೆ" ಎಂದು ನಾದಿನಿ ಮೆಲ್ಲಗೆ ಹೇಳುವವರೆಗೂ ಅವಳ ಕೆನ್ನೆ ಅಲ್ಲೇ ಇತ್ತು.

ಹಲಗೆ ಹಜಾರದ ಬಾಗಿಲಿಗೆ ಬಂತು. ನೆಲ ಗಟ್ಟಿಯಾಗುವ ತನಕ ನೆಲದಕ್ಕ ಹಗಲೆಲ್ಲ ಅದರ ಈಚೆ ಸ್ಟೂಲು ಹಾಕಿಕೊಂಡು ಕೂತಳು. ಇಣುಕಲು ಬಂದವರನ್ನೆಲ್ಲ ಅಟ್ಟಿದಳು. ಕಟ್ಟಡದ ದೊಡ್ಡ ಸಾಹೇಬರೊಬ್ಬರು ಕಾಲೆತ್ತಿದಾಗ ಅವಳು ಕೋಲನ್ನು ಅಡ್ಡ ಹಿಡಿದು, "ನಾನೇ ಹೋಗಿಲ್ಲ ಸ್ವಾಮಿ" ಎಂದಳು.

ಹಲಗೆ ತೆಗೆದ ಬೆಳಗ್ಗೆ ಅವಳು ಮೊದಲು ಒಳಗೆ ಕಾಲಿಟ್ಟಳು. ಎದ್ದ ಅಂಚನ್ನು ಒಪ್ಪಮಾಡಿಸಿಕೊಂಡಿದ್ದ ಮಂಡಿ ಮಾತು ಕೇಳಿತು. ಡಾಕ್ಟರಮ್ಮ ಹೇಳಿದಂತೆಯೇ ನಡಿಗೆ ಸರಾಗವಾಗಿ ಬಂತು. ಬಿಳಿಯ ಬಿರಡೆ ಇಷ್ಟು ಹೊತ್ತಿಗೆ ಎಷ್ಟು ಕರಗಿತ್ತೋ, ಅದರ ಜಾಗದಲ್ಲಿ ಅವಳದೇ ಮೂಳೆ ಎಷ್ಟು ಬೆಳೆದಿತ್ತೋ, ಒಳಗಿನ ಕೆಲಸ ಸದ್ದಿಲ್ಲದೆ ನಡೆಯುತ್ತಲೇ ಇತ್ತು. ಬರಿಗಾಲಲ್ಲಿ ಅವಳು ಹೂವಿನವರೆಗೆ ಹೋಗಿ ಬಂದಳು. ಕಲ್ಲು ತಂಪಾಗಿತ್ತು. ಆದರೆ ಪಾದಗಳಿಗೆ ಈ ನೆಲದ ಪರಿಚಯವಿರಲಿಲ್ಲ. ಅವು ಯಾರದೋ ಮನೆಗೆ ಬಂದ ನೆಂಟರಂತೆ ಸಂಕೋಚದಿಂದ ನಡೆದವು.

ಹಿಂದಿರುಗುವಾಗ ಒಳಸುತ್ತಿನ ಈಚೆ ಒಂದು ಕಲ್ಲಿನ ಬಳಿ ಅವಳು ನಿಂತಳು. ನೋಡುವವರಿಗೆ ಅದು ಉಳಿದವುಗಳಂತೆಯೇ ಇರುವ ಒಂದು ಕಲ್ಲು. ಈ ಹಜಾರದಲ್ಲಿ ಮಂಡಿಯೂರಿ ಅವಳು ಹಾಸಿದ ಕಡೆಯ ಕಲ್ಲು ಅದು. ಅಂದು ಅವಳನ್ನು ಎಬ್ಬಿಸಿದ್ದು ಅಲ್ಲಿಂದಲೇ. ಬಾಗಿಲ ಬಳಿ ನಾದಿನಿ ಮೇಸ್ತ್ರಿಯನ್ನು ಏನೋ ಹೇಳಿ ರೇಗಿಸುತ್ತಿದ್ದಳು. ಆ ನಗುವಿನ ನಡುವೆ ನೆಲದಕ್ಕನ ಎಡಗಾಲು ತಾನಾಗಿ ಒಂದು ಹೆಜ್ಜೆ ಮುಂದೆ ಸರಿದು ಊರಿಕೊಂಡಿತು. ಬಲಮಂಡಿ, ಯಾರ ಅಪ್ಪಣೆಗೂ ಕಾಯದೆ, ಇಳಿಯುವುದಕ್ಕೆಂದು ಒಂದಿಷ್ಟು ಬಾಗಿತು. ಅಲ್ಲಿಗೇ ನಿಂತಿತು. ಗಂಡ ಬಂದು ಪಕ್ಕದಲ್ಲಿ ನಿಂತದ್ದನ್ನು ಅವಳು ನೋಡದೆಯೇ ಅರಿತು, ಅವನ ಭುಜವನ್ನು ಹಿಡಿದುಕೊಂಡಳು.

"ಮುಂದಕ್ಕೆ ಹೋಗೋಣ್ವಾ, ಹಿಂದಕ್ಕಾ?" ಎಂದು ಅವನು ಕೇಳಿದ.

"ಸ್ವಲ್ಪ ಹೊತ್ತು ಇಲ್ಲೇ ಇರಿ" ಎಂದಳು ನೆಲದಕ್ಕ.